ಪ್ರೆಸೆಂಟ್ಲಿ ಎಂದರೆ ಈಗಲೇ

ಊಟಕ್ಕೆ ಕರೆದರೆ ನಾನು ‘ಬಂದೆ’ ಎನ್ನುವುದಿಲ್ಲ. ಕೂತಲ್ಲಿಂದ ಎದ್ದು, ಕೈಕಾಲು ತೊಳೆದು, ಮಣೆಯ ಹತ್ತಿರ ಬಂದು ನಿಂತ ಮೇಲೆಯೇ ಬಾಯಿ ಬಿಡುತ್ತೇನೆ. ಸೊಸೆಗೆ ಇದು ಮುದುಕನ ಹಟ. ‘ಮಾವಾರೇ, ಕೂಗಿದ್ರೆ ಒಂದು ಓಗೊಡಬಾರ್ದಾ?’ ಎನ್ನುತ್ತಾಳೆ. ಅವಳು ಹೇಳುವುದು ಸರಿ. ನಮ್ಮ ಕಡೆ ಕೂತಲ್ಲಿಂದ ಅಲುಗಾಡದವನೂ ‘ಬಂದೆ’ ಎನ್ನುತ್ತಾನೆ, ಆಮೇಲೆ ಒಂದು ಬೀಡಿ ಸೇದಿ, ದನಕ್ಕೆ ಹುಲ್ಲು ಹಾಕಿ, ನಿಧಾನವಾಗಿ ಬರುತ್ತಾನೆ. ಅದನ್ನು ಯಾರೂ ಸುಳ್ಳು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಮಾತ್ರ ಆ ಮಾತು ಬಾಯಿಗೆ ಬರುವುದಿಲ್ಲ. ಏಕೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತೇನೆ.

ನಾನು ಹಿರಿಯೂರಿನ ಕೊಬ್ಬರಿ ವ್ಯಾಪಾರದ ಮನೆಯವನು. ಅಣ್ಣಂದಿರು ಅಂಗಡಿಗಾದರು, ಇವನೊಬ್ಬ ಸರ್ಕಾರದ ಅನ್ನ ತಿನ್ನಲಿ ಎಂದು ಅಪ್ಪ ನನ್ನನ್ನು ಚಿತ್ರದುರ್ಗದ ಹೈಸ್ಕೂಲಿಗೆ ಕಳಿಸಿದರು. ಊಟ ಒಂದು ಮಠದಲ್ಲಿ, ಮಲಗುವುದು ಅದರ ಜಗಲಿಯ ಮೇಲೆ. ಇಂಗ್ಲೀಷ್ ಹೇಳುತ್ತಿದ್ದ ಮೇಷ್ಟ್ರು ಮುಚ್ಚುಕೋಟು, ಪೇಟದವರು. ನಮಗೆ ಪಾಠಕ್ಕಿದ್ದುದು ಎಷ್ಟೋ ತಲೆಮಾರಿನ ಹಿಂದಿನ ಇಂಗ್ಲೀಷ್ ನಾಟಕದ ಕೆಲವು ಅಂಕಗಳು. ಒಂದು ಕಡೆ ರಾಜ ತನ್ನ ಸೇವಕನಿಗೆ ಏನನ್ನೋ ತರಲು ಹೇಳಿ, ಕೊನೆಗೆ ‘ಪ್ರೆಸೆಂಟ್ಲಿ’ ಎನ್ನುತ್ತಾನೆ. ನಮಗೆ ಅರ್ಥವಾಗಲಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿದರು.

‘ಹಾಜರಿ ಕೂಗಿದಾಗ ಏನಂತೀರಿ?’

‘ಪ್ರೆಸೆಂಟ್ ಸಾರ್!’

‘ಊರಲ್ಲಿ ಕೂತವನು ಪ್ರೆಸೆಂಟ್ ಅಂತಾನೇನ್ರೋ? ಇಲ್ಲಿರೋನು, ಈಗ ಇರೋನು ಅಂತಾನೆ. ಪ್ರೆಸೆಂಟ್ಲಿ ಅಂದ್ರೂ ಅಷ್ಟೆ. ಈಗಲೇ. ಕೈಯಲ್ಲಿದ್ದದ್ದು ಬಿಟ್ಟು. ರಾಜ ಆ ಮಾತಾಡಿ ಬಾಯಿ ಮುಚ್ಚೋದ್ರೊಳಗೆ ಸೇವಕ ಬಾಗಿಲು ದಾಟಿರಬೇಕು.’

ಅಷ್ಟು ಹೇಳಿ ಸುಮ್ಮನಾಗದೆ, ಮೂಲೆಯಲ್ಲಿ ತೂಕಡಿಸುತ್ತಿದ್ದವನ ಕಡೆ ತಿರುಗಿ, ‘ಲೇ, ಕಿಟಕಿ ಮುಚ್ಚು, ಪ್ರೆಸೆಂಟ್ಲಿ!’ ಎಂದು ಗದರಿದರು. ಅವನು ಬೆಂಚು ಎಡವಿ ಬಿದ್ದು, ಬಿದ್ದಲ್ಲಿಂದಲೇ ಕೈಚಾಚಿ ಕಿಟಕಿ ಮುಚ್ಚಿದ. ತರಗತಿಯೆಲ್ಲ ನಕ್ಕಿತು. ಆ ಮಾತು ನಮಗೆ ಆಟವಾಯಿತು. ಮಠದ ಪಂಕ್ತಿಯಲ್ಲಿ ಕೂತು ‘ಸಾರು ಹಾಕ್ರಿ, ಪ್ರೆಸೆಂಟ್ಲಿ!’ ಎಂದರೆ ಬಡಿಸುವ ಅಯ್ಯನವರು ಸೌಟು ಎತ್ತಿ ಹಿಡಿದು, ‘ಅದ್ಯಾವ ಸಾರಪ್ಪ? ಇಲ್ಲಿರೋದು ಹುರುಳಿ ಸಾರು, ಬೇಕಾದ್ರೆ ಉಣ್ಣು’ ಎನ್ನುತ್ತಿದ್ದರು.

ಪರೀಕ್ಷೆಯಲ್ಲಿ ಆ ಪದ ಬಂತು. ನಾನು ಬರೆದದ್ದನ್ನು ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದರು. ಮಿಕ್ಕ ಇಂಗ್ಲೀಷ್ ನನಗೆ ಅಷ್ಟಕ್ಕಷ್ಟೆ. ಆ ಒಂದು ಪದದ ಮಟ್ಟಿಗೆ ನನ್ನನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ.

ಹೈಸ್ಕೂಲು ಮುಗಿದ ಮೇಲೆ ಒಂದು ಕೆರೆಯ ರಿಪೇರಿ ಕೆಲಸದಲ್ಲಿ ನನಗೆ ಗುಮಾಸ್ತಿಕೆ ಸಿಕ್ಕಿತು. ಕೆರೆ ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ ಎಲ್ಲೋ ಇತ್ತು ಎಂದರೆ ಸಾಕು, ಹೆಸರು ಬರೆಯುವುದಿಲ್ಲ. ಹಳೆಯ ಏರಿ ಒಂದು ಕಡೆ ಕುಸಿದಿತ್ತು. ಅದನ್ನು ಕಟ್ಟಿ, ಕಲ್ಲಿನ ತೂಬು ತೆಗೆದು, ತಿರುಪಿನಿಂದ ಎತ್ತುವ ಕಬ್ಬಿಣದ ಬಾಗಿಲು ಕೂರಿಸಿದ್ದರು. ಕೆಲಸ ನೋಡಲು ಬಂದಿದ್ದ ಇಂಗ್ಲೀಷ್ ಎಂಜಿನಿಯರ್ ದೊರೆ ಹುಣಸೇತೋಪಿನಲ್ಲಿ ಡೇರೆ ಹಾಕಿದ್ದರು. ಅವರ ಮಾತನ್ನು ಜನಕ್ಕೆ ಹೇಳುವವರು ಓವರ್ಸಿಯರು. ಅವರಿಲ್ಲದ ದಿನ ನಾನು.

ಕೆರೆಯ ಕೆಳಗೆ ಅಗಲವಾದ ಮರಳಿನ ಹಳ್ಳ. ಮಳೆಗಾಲ ಕಳೆದ ಮೇಲೆ ಅದು ಒಣಗಿ ಬಿದ್ದಿರುತ್ತಿತ್ತು. ಭೂಮಿ ಇಲ್ಲದ ಕೆಲವು ಮನೆಯವರು ಆ ಮರಳಲ್ಲಿ ಗುಂಡಿ ತೋಡಿ, ಒರತೆಯ ನೀರು ಮೊಗೆದು ಕರಬೂಜ, ಸೌತೆ ಬೆಳೆಯುತ್ತಿದ್ದರು. ಅಲ್ಲಿ ಗಂಡ ಹೆಂಡಿರಿಬ್ಬರು ಗರಿಯ ಗುಡಿಸಲು ಹಾಕಿಕೊಂಡಿದ್ದರು. ಹೆಂಡತಿ ಹರಿಯಬ್ಬೆ ಊರಿನ ಮಗಳು. ನನ್ನ ತಾಯಿಯ ತವರೂ ಅದೇ. ಆ ಒಂದು ಎಳೆ ಹಿಡಿದು ಆಕೆ ನನ್ನನ್ನು ತಮ್ಮನನ್ನಾಗಿ ಮಾಡಿಕೊಂಡಳು. ನಾನು ಆಕೆಯನ್ನು ಅಕ್ಕ ಎಂದೂ ಗಂಡನನ್ನು ಭಾವ ಎಂದೂ ಕರೆಯುತ್ತಿದ್ದೆ. ಡೇರೆಯ ಹತ್ತಿರ ನನಗೆ ಯಾರೂ ಊಟ ಹಾಕುವವರಿರಲಿಲ್ಲ. ಅಕ್ಕನ ಗುಡಿಸಲಲ್ಲಿ ರೊಟ್ಟಿ ಇರುತ್ತಿತ್ತು.

ಭಾವನಿಗೆ ನನ್ನನ್ನು ರೇಗಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

‘ಏನಪ್ಪ ಇಂಗ್ಲೀಷಪ್ಪ, ಕರಬೂಜಕ್ಕೆ ನಿಮ್ಮ ದೊರೆ ಏನಂತಾನೆ?’

‘ಮೆಲನ್ ಅಂತಾರೆ ಭಾವ.’

‘ಮೆಲ್ಲನಾ? ಹಂಗಾದ್ರೆ ಮೆಲ್ಲಕೇ ತಿನ್ನು. ಗಬಗಬ ತಿಂತೀಯಲ್ಲ.’

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ತೂಬು ಎತ್ತುವ ಮುಂಚೆ ನೀರುಗಂಟಿ ಏರಿಯ ಮೇಲೆ ನಿಂತು ‘ನೀರು ಬಂತೋ, ನೀರು ಬಂತು’ ಎಂದು ಕೂಗುತ್ತಿದ್ದ. ನೀರು ಆಗಿನ್ನೂ ಕೆರೆಯಲ್ಲೇ ಇರುತ್ತಿತ್ತು. ಆದರೂ ‘ಬರ್ತದೆ’ ಎಂದು ಕೂಗುತ್ತಿರಲಿಲ್ಲ. ಬರ್ತದೆ ಎಂದರೆ ಯಾರೂ ಏಳುವುದಿಲ್ಲ. ಬಂತು ಎಂದರೆ ಮಕ್ಕಳು, ಮೇಕೆ ಎಲ್ಲ ದಡ ಹತ್ತುತ್ತವೆ. ರಿಪೇರಿ ಶುರುವಾದ ಮೇಲೆ ನೀರುಗಂಟಿಗೆ ಕೆಲಸವಿರಲಿಲ್ಲ. ಅವನು ಮಗಳ ಊರಿಗೆ ಹೋಗಿದ್ದ.

ಹೂಳು ತೆಗೆಸುವುದಕ್ಕಾಗಿ ಕೆರೆಯಲ್ಲಿ ಉಳಿದ ನೀರನ್ನೆಲ್ಲ ಹಳ್ಳಕ್ಕೆ ಬಿಡಬೇಕೆಂದು ದೊರೆ ತೀರ್ಮಾನಿಸಿದರು. ಹೊಸ ಬಾಗಿಲನ್ನು ಪರೀಕ್ಷೆ ಮಾಡಿದ ಹಾಗೂ ಆಗುತ್ತದೆ. ಆ ದಿನ ಓವರ್ಸಿಯರು ಹೊಳಲ್ಕೆರೆಗೆ ಹೋಗಿದ್ದರು. ಬೆಳಿಗ್ಗೆ ದೊರೆ ಕುರ್ಚಿಯಲ್ಲಿ ಕೂತು ಪೈಪಿಗೆ ಹೊಗೆಸೊಪ್ಪು ತುಂಬುತ್ತಾ ನನ್ನನ್ನು ಕರೆದರು. ಬಾಗಿಲನ್ನು ಪ್ರೆಸೆಂಟ್ಲಿ ಎತ್ತುತ್ತೇವೆ, ಹಳ್ಳದಲ್ಲಿರುವವರಿಗೆ ಹೋಗಿ ಹೇಳು ಎಂದರು. ಅಲ್ಲಿಯವರೆಗೆ ಅವರು ಆಡಿದ ಇಂಗ್ಲೀಷಿನಲ್ಲಿ ಅರ್ಧ ನನಗೆ ಊಹೆ. ಅವತ್ತು ಊಹಿಸಬೇಕಾಗಿರಲಿಲ್ಲ. ದೊರೆ ಇನ್ನೂ ಬೆಂಕಿಪೊಟ್ಟಣ ಹುಡುಕುತ್ತಿದ್ದರು, ನಾನಾಗಲೇ ಏರಿ ಇಳಿದು ಓಡುತ್ತಿದ್ದೆ. ರಾಜನ ಸೇವಕ ಓಡಿದ ಹಾಗೆ ಓಡಿದೆ.

ಹಳ್ಳದ ದಡದಲ್ಲಿ ನಿಂತು ನೀರುಗಂಟಿಯ ಹಾಗೆಯೇ ಕೂಗಿದೆ: ‘ನೀರು ಬಂತೋ, ನೀರು ಬಂತು!’

ಎಲ್ಲರೂ ಎದ್ದರು. ಅಕ್ಕ ಮಡಕೆ ಕುಡಿಕೆ, ಹಿಟ್ಟಿನ ಡಬ್ಬ ಹೊತ್ತಳು. ಭಾವ ಗುಡಿಸಲ ಗರಿ ಕಿತ್ತು ಎಳೆದುಕೊಂಡು ಬಂದ. ಬಟ್ಟೆ ಒಗೆಯುತ್ತಿದ್ದ ಮಡಿವಾಳರವನು ಒದ್ದೆ ಗಂಟನ್ನೇ ಕತ್ತೆಯ ಮೇಲೆ ಹಾಕಿ ಹೊಡೆದುಕೊಂಡು ಬಂದ. ಎಲ್ಲರೂ ದಡದ ಜಾಲಿಯ ನೆರಳಲ್ಲಿ ಕೂತು ಹಳ್ಳದ ಕಡೆ ನೋಡಿದರು. ಹಣ್ಣು ಬಳ್ಳಿಯಲ್ಲೇ ಉಳಿಯಿತು.

ನೀರು ಬರಲಿಲ್ಲ.

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮರಳು ಕಾಯುತ್ತಿತ್ತು. ಏರಿಯ ಮೇಲೆ ಆಳುಗಳು ಕಬ್ಬಿಣದ ತಿರುಪಿಗೆ ಎಣ್ಣೆ ಹುಯ್ಯುವುದು ದೂರದಿಂದ ಕಾಣುತ್ತಿತ್ತು. ದೊರೆ ಕೊಡೆಯ ಕೆಳಗೆ ಕೂತಿದ್ದರು. ಹೊತ್ತು ನೆತ್ತಿಗೆ ಬಂತು. ಮೊದಲು ಬಾಯಿ ತೆಗೆದವನು ಮಡಿವಾಳರವನು.

‘ಗುಮಾಸ್ತಪ್ಪಾರೇ, ದೊರೆ ನೀರು ಬಿಡ್ತೀನಿ ಅಂದ್ನೋ, ನೀರು ಕೊಡು ಅಂದ್ನೋ? ಪಾಪ, ಬಾಯಾರ್ಕೆಗೆ ಕೇಳಿದ್ನೇನೋ ನೋಡ್ರಿ.’

ಭಾವ ಬಿಡಲಿಲ್ಲ. ‘ಎಲ್ಲಪ್ಪ ಇಂಗ್ಲೀಷಪ್ಪ ನಿನ್ನ ನೀರು? ದಾರೀಲೆಲ್ಲಾದ್ರೂ ಕುಂತ್ಕಂಡು ಬುತ್ತಿ ಉಣ್ತಾ ಐತಾ?’

‘ಸುಮ್ನಿರ್ರಿ ಅತ್ಲಾಗೆ’ ಎಂದು ಅಕ್ಕ ಗಂಡನಿಗೆ ಹೇಳಿದಳು. ಆದರೆ ಆಕೆಯೂ ಸೆರಗು ಬಾಯಿಗೆ ಹಿಡಿದಿದ್ದಳು.

ನಾನು ಏರಿಯ ಕಡೆಯೇ ನೋಡುತ್ತಿದ್ದೆ. ಕಿವಿ ಬಿಸಿಯಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಭಾವ ನಗುವುದನ್ನು ನಿಲ್ಲಿಸಿ, ಬಳ್ಳಿಗಳ ಕಡೆ ನೋಡಿ ಹೇಳಿದ. ‘ನಾಳೆ ಹೊಳಲ್ಕೆರೆ ಸಂತೆ. ಹಣ್ಣು ಬಿರೀತಾ ಅವೆ. ಒಂದ್ಸಲ ಹೋಗಿ ಕೇಳ್ಕಂಬಾರಪ್ಪ. ಇವತ್ತು ಬಿಡ್ತಾರೋ ಇಲ್ವೋ, ಅಷ್ಟೇ. ಬಿಡಂಗಿದ್ರೆ ನಾವು ಕುಂತಿರ್ತೀವಿ.’

ಅವನು ಕೇಳಿದ್ದು ನ್ಯಾಯವಾಗಿತ್ತು. ನಾನು ಹೋದೆ.

ಏರಿಯ ಬುಡದ ತನಕ ಹೋದೆ. ಆಳುಗಳ ಜಮೇದಾರ ಎಣ್ಣೆಗೈ ಒರೆಸಿಕೊಳ್ಳುತ್ತಾ, ‘ಏನ್ರೀ, ದೊರೆಗೆ ಏನಾರ ಹೇಳ್ಬೇಕಾ?’ ಎಂದು ಕೇಳಿದ. ಮೇಲೆ ದೊರೆ ಏನೋ ಓದುತ್ತಿದ್ದರು. ಕೇಳಬೇಕಾಗಿದ್ದದ್ದು ಒಂದೇ ಮಾತು. ಆದರೆ ಕೇಳಿದರೆ, ಬೆಳಿಗ್ಗೆ ಹೇಳಿದ್ದು ನನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅದೂ ಆ ಪದವನ್ನು. ಬೇರೆ ಯಾವ ಪದವಾಗಿದ್ದರೂ ಬಹುಶಃ ಕೇಳುತ್ತಿದ್ದೆ. ನನಗೆ ಗೊತ್ತಿದ್ದದ್ದು ತಪ್ಪಿರಲಾರದು, ಈಗಲೇ ಎತ್ತುತ್ತೇವೆ ಎಂದವರು ಇಷ್ಟು ಹೊತ್ತಾದರೂ ಎತ್ತಿಲ್ಲ ಎಂದರೆ ಮನಸ್ಸು ಬದಲಾಯಿಸಿದ್ದಾರೆ, ಇಲ್ಲವೆ ಬಾಗಿಲು ಕೆಟ್ಟಿದೆ ಎಂದು ಎಣಿಸಿದೆ. ‘ಏನಿಲ್ಲ’ ಎಂದು ಜಮೇದಾರನಿಗೆ ಹೇಳಿದೆ. ಸ್ವಲ್ಪ ಹೊತ್ತು ಬೇವಿನ ಕೆಳಗೆ ನಿಂತೆ, ಹೋಗಿ ಕೇಳಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ ಹಳ್ಳಕ್ಕೆ ಹಿಂದಿರುಗಿ ಹೇಳಿದೆ:

‘ಇವತ್ತು ಬಿಡಲ್ವಂತೆ.’

ಬಿಡಲ್ಲ ಎಂದು ನಾನು ಹೇಳಲಿಲ್ಲ. ಬಿಡಲ್ವಂತೆ ಎಂದೆ. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಲ್ಲ ಎಂದಿದ್ದರೆ ಅದು ನನ್ನ ಮಾತಾಗುತ್ತಿತ್ತು, ಭಾವ ‘ನಿಂಗೇನು ಗೊತ್ತು’ ಎನ್ನುತ್ತಿದ್ದ, ಕೂತೇ ಇರುತ್ತಿದ್ದ. ‘ಅಂತೆ’ ಸೇರಿದೊಡನೆ ಅದು ದೊರೆಯ ಮಾತಾಯಿತು.

‘ಹಂಗನ್ನು ಮತ್ತೆ!’ ಎಂದು ಭಾವ ಎದ್ದ. ಬುಟ್ಟಿ ತಗೊಂಡ. ‘ನಡ್ರಿ, ಹೋಗಾಣ’ ಎಂದು ಮಡಿವಾಳರವನನ್ನೂ ಕರೆದ. ಅವನು ಗಂಟು ಬಿಚ್ಚುವುದಕ್ಕೆ ಬೇಸರಪಟ್ಟು ಕತ್ತೆ ಹೊಡೆದುಕೊಂಡು ಊರಿಗೆ ಹೋದ. ಮಿಕ್ಕವರೂ ಊಟಕ್ಕೆ ಊರ ಕಡೆ ನಡೆದರು. ಅಕ್ಕ ದಡದಲ್ಲೇ ಒಲೆ ಹೂಡಿ, ‘ಕುಂತ್ಕಳಪ್ಪ, ಬೆಳಗ್ಗಿಂದ ಏನೂ ತಿಂದಿಲ್ಲ’ ಎಂದು ನನಗೆ ರೊಟ್ಟಿ ತಟ್ಟಿದಳು. ಭಾವ ಹಳ್ಳದ ಆಚೆ ಬದಿಗೆ ಹೋಗಿ ಹಣ್ಣು ಕೀಳುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಏರಿಯ ಮೇಲೆ ಆಳುಗಳು ಒಟ್ಟಾಗಿ ತಿರುಪು ತಿರುಗಿಸುವುದು ಕಂಡಿತು. ಜಮೇದಾರ ರುಮಾಲು ಬಿಚ್ಚಿ ನಮ್ಮ ಕಡೆ ಬೀಸುತ್ತಿದ್ದ. ನಾನು ಎದ್ದು ನಿಂತು ಕೂಗಿದೆ.

‘ಭಾವಾ, ನೀರು ಬಂತು! ನೀರು ಬಂತು!’

ಅವನು ತಲೆ ಎತ್ತಿದ. ಅಷ್ಟು ದೂರದಿಂದಲೂ ಅವನು ನಗುವುದು ಕಾಣಿಸಿತು.

‘ಬರ್ಲಿ ಬಿಡು,’ ಎಂದು ಕೂಗಿ ಹೇಳಿದ. ‘ಕುಂತ್ಕಳಾಕೆ ಒಂದು ಮಣೆ ಹಾಕು!’

ಮತ್ತೆ ಬಗ್ಗಿ ಹಣ್ಣು ಕಿತ್ತ.

ನೀರಿಗೆ ಸದ್ದಿರಲಿಲ್ಲ. ಹುಲ್ಲು, ನೊರೆ ಮುಂದಿಟ್ಟುಕೊಂಡು ಮರಳಿನ ಮೇಲೆ ಹರಡುತ್ತಾ ಬಂತು. ಭಾವ ಅದನ್ನು ಕಂಡಾಗ ಅದು ನಮ್ಮ ಬದಿಯ ತಗ್ಗನ್ನು ತುಂಬಿ ಆಗಿತ್ತು. ಅವನು ಬುಟ್ಟಿಯನ್ನು ತಲೆಗೆ ಹೊತ್ತುಕೊಂಡ. ಅಕ್ಕ ‘ಬುಟ್ಟಿ ಬಿಡ್ರಿ, ಬುಟ್ಟಿ ಬಿಡ್ರಿ’ ಎಂದು ಕೂಗುತ್ತಿದ್ದಳು. ನೀರು ಅವನ ಸೊಂಟದ ಮೇಲೆ ಬರಲಿಲ್ಲ. ಎಲ್ಲೆಲ್ಲಿ ಒರತೆ ಗುಂಡಿ ತೋಡಿದ್ದೇನೆಂದು ಅವನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು. ಆದರೆ ಕೆಂಪು ನೀರು ಎಲ್ಲವನ್ನೂ ಒಂದೇ ಸಮ ಮಾಡಿತ್ತು. ಒಂದು ಹೆಜ್ಜೆ ಇಟ್ಟ, ಕಾಣಲಿಲ್ಲ. ಬುಟ್ಟಿ ಒಂದು ಕ್ಷಣ ತೇಲಿತು. ಹಣ್ಣು ಬಿಡಿ ಬಿಡಿಯಾಗಿ ಹೋದವು.

ನೀರು ಇಳಿದ ಮೇಲೆ ಭಾವನನ್ನು ಒರತೆ ಗುಂಡಿಯಿಂದ ಎತ್ತಿದರು. ಮೂಗು ಬಾಯಿಗೆ ಮರಳು ತುಂಬಿಕೊಂಡಿತ್ತು.

ದೊರೆ ಟೋಪಿ ತೆಗೆದು ನಿಂತರು. ಜನಕ್ಕೆ ಹೇಳಿದೆಯಾ ಎಂದು ನನ್ನನ್ನು ಕೇಳಿದರು. ‘ಯೆಸ್ ಸರ್.’ ಯಾವಾಗ? ‘ಬೆಳಿಗ್ಗೆಯೇ, ಸರ್.’ ಮತ್ತೆ ಯಾಕೆ ಇಳಿದ? ‘ಹಣ್ಣಿಗೆ, ಸರ್.’ ಅದೆಲ್ಲ ನಿಜವೇ. ಅಮಲ್ದಾರರ ಕಡೆಯವರು ಬಂದಾಗಲೂ ಅಷ್ಟನ್ನೇ ಹೇಳಿದೆ. ಮುಂಚಿತವಾಗಿ ತಿಳಿಸಲಾಗಿತ್ತು, ಅವನೇ ಕೇಳಲಿಲ್ಲ ಎಂದು ತೀರ್ಮಾನವಾಯಿತು. ಓವರ್ಸಿಯರು ಹೊಳಲ್ಕೆರೆಯಿಂದ ಬಂದು ನನ್ನ ಬೆನ್ನು ತಟ್ಟಿದರು.

ಅಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು. ಭಾವನನ್ನು ಮಣ್ಣು ಮಾಡಿ ಬಂದ ಮೇಲೆ, ಕೂದಲು ಬಿಚ್ಚಿಕೊಂಡು ಕೂತವಳು, ನನ್ನ ಕಡೆ ನೋಡದೆ ಕೇಳಿದಳು.

‘ಬಿಡಲ್ವಂತೆ ಅಂದ್ಯಲ್ಲ ತಮ್ಮಾ. ಅಂದಿದ್ದು ಯಾರು? ದೊರೇನಾ?’

‘ಹ್ಞೂ ಅಕ್ಕ. ದೊರೇನೇ.’

ಆಕೆ ತಲೆ ಅಲ್ಲಾಡಿಸಿದಳು. ಆಗ ನನಗೆ ಏನೂ ಅನ್ನಿಸಲಿಲ್ಲ. ಈಗಲೂ ಅದನ್ನು ನೆನೆದರೆ ಏನೂ ಅನ್ನಿಸುವುದಿಲ್ಲ, ಬಹಳ ಹೊತ್ತು ಕಾಲು ಮಡಿಸಿ ಕೂತು ಜೋಮು ಹಿಡಿದ ಹಾಗೆ. ಅವತ್ತು ಡೇರೆಗೆ ಹೋಗಿ ಓವರ್ಸಿಯರು ಹಾಕಿಸಿದ ಊಟ ಮಾಡಿದೆ. ನಿದ್ದೆಯೂ ಬಂತು.

ಕೆಲಸ ಮುಗಿದು ದೊರೆ ಬೇರೆ ಕಡೆಗೆ ಹೋದರು. ನನಗೆ ಹಿರಿಯೂರಿಗೆ ವರ್ಗವಾಯಿತು. ಯಾವಾಗಲೋ ಚಿತ್ರದುರ್ಗಕ್ಕೆ ಹೋದಾಗ ಮೇಷ್ಟ್ರನ್ನು ಕಂಡೆ. ನಿವೃತ್ತರಾಗಿದ್ದರು, ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಆ ಪದದ ಅರ್ಥ ಕೇಳಿದೆ. ಹಳೆಯ ಶಿಷ್ಯ ಪದ ಕೇಳಲು ಬಂದನೆಂದು ಅವರಿಗೆ ಬಹಳ ಖುಷಿಯಾಯಿತು.

‘ನೋಡು, ಆ ಪದದ್ದು ಒಂದು ದೊಡ್ಡ ಕಥೆ. ಹಿಂದಿನ ನಾಟಕಗಳಲ್ಲಿ ಈಗಲೇ ಅಂತ್ಲೇ ಅರ್ಥ. ಆಮೇಲೆ ಜನ ಸೋಮಾರಿ ಆದ್ರು. ಈಗಲೇ ಅಂತ ಹೇಳೋದು, ತಡವಾಗಿ ಮಾಡೋದು. ಹೇಳಿ ಹೇಳಿ ಪದಕ್ಕೇ ತಡ ಅಂಟ್ಕೊಂತು. ಈಗಿನ ದೊರೆಗಳ ಬಾಯಲ್ಲಿ ಪ್ರೆಸೆಂಟ್ಲಿ ಅಂದ್ರೆ ಇನ್ನೊಂದಿಷ್ಟು ಹೊತ್ತಾದ ಮೇಲೆ ಅಂತ. ಪೈಪು ಸೇದಿ, ಚಾ ಕುಡಿದು, ನಿಧಾನಕ್ಕೆ. ಅವರ ಭಾಷೇಲಿ ಈಗಲೇ ಅನ್ನೋದಕ್ಕಿದ್ದ ಇನ್ನೂ ಎಷ್ಟೋ ಹಳೇ ಪದಗಳಿಗೆ ಇದೇ ಗತಿ ಆಗಿದೆ.’

‘ಇದನ್ನ ಆವಾಗ ನಮಗೆ ಹೇಳ್ಲಿಲ್ಲವಲ್ಲ ಸಾರ್.’

ಮೇಷ್ಟ್ರು ಅಡಕತ್ತರಿ ಕೆಳಗಿಟ್ಟರು. ನನ್ನ ಮುಖ ನೋಡಿದರು. ಯಾಕೆ ಕೇಳಿದೆನೆಂದು ಅವರಿಗೆ ತಿಳಿಯುವಂತಿರಲಿಲ್ಲ.

‘ಪರೀಕ್ಷೆಗೆ ಅದು ಬರ್ತಿರ್ಲಿಲ್ಲವಲ್ಲಪ್ಪ’ ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿಕೊಟ್ಟದ್ದು ಸುಳ್ಳಲ್ಲ. ನನ್ನ ಮೊದಲ ಕೂಗಿನಿಂದ ಯಾರಿಗೂ ಕೇಡಾಗಲಿಲ್ಲ. ಎಲ್ಲರೂ ದಡ ಹತ್ತಿದರು, ಅಷ್ಟೆ. ಕೊಂದದ್ದು ಇಂಗ್ಲೀಷ್ ಪದವಲ್ಲ ಎಂಬುದು ಮೇಷ್ಟ್ರ ಜಗಲಿಯಿಂದ ಇಳಿಯುವಾಗಲೇ ನನಗೆ ಗೊತ್ತಿತ್ತು.

ಅಕ್ಕ ಹರಿಯಬ್ಬೆಗೆ, ತಮ್ಮಂದಿರ ಮನೆಗೆ ಹಿಂದಿರುಗಿದ್ದಳು. ಹಿರಿಯೂರಿನಿಂದ ನಾನು ಆಗಾಗ ಹೋಗುತ್ತಿದ್ದೆ. ಹೋದಾಗಲೆಲ್ಲ ಆಕೆ ಊಟಕ್ಕಿಟ್ಟು, ಎದುರು ಕೂತು ಆ ದೊರೆಯನ್ನು ಬಯ್ಯುತ್ತಿದ್ದಳು. ‘ಬಿಡಲ್ಲ ಅಂದವನು ಬಿಟ್ನಲ್ಲ ತಮ್ಮಾ. ಅವನ ನಾಲಿಗೆಗೆ ಹುಳ ಬೀಳ. ನೀನು ಬಿಸ್ಲಲ್ಲಿ ಹೋಗಿ ಕೇಳ್ಕಂಬಂದೆ, ನಿಂಗೂ ಸುಳ್ಳು ಹೇಳ್ದ.’ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಆ ಮನುಷ್ಯ ಯಾವ ಸುಳ್ಳನ್ನೂ ಹೇಳಿರಲಿಲ್ಲ. ಅವನ ಭಾಷೆಯಲ್ಲಿ ಅವನು ಹೇಳಿದ ಹೊತ್ತಿಗೇ ಬಾಗಿಲು ಎತ್ತಿದ್ದ.

ಒಂದು ಸಲ, ನಮ್ಮಿಬ್ಬರ ತಲೆಯೂ ನರೆತ ಮೇಲೆ, ಹೇಳಿಬಿಡಬೇಕೆಂದೇ ಹೋದೆ. ಆಕೆ ಹಿತ್ತಿಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

‘ಅಕ್ಕ, ನಿಂಗೊಂದು ಮಾತು ಹೇಳ್ಬೇಕು.’

‘ಹೇಳಪ್ಪ.’

ನಾನು ಬಾಯಿ ತೆರೆದೆ. ಆಕೆಯ ಕೈಗಳು ನಿಂತವು. ಮುಖ ಎತ್ತಿ ಕಾಯುತ್ತಿದ್ದಳು.

‘ಈಗ ಹೇಳ್ತೀನಿ’ ಎಂದೆ. ‘ಒಂದು ಲೋಟ ನೀರು ಕೊಡು ಮೊದ್ಲು.’

ನೀರು ತಂದುಕೊಟ್ಟಳು. ಕುಡಿದೆ. ಕಾಳು ಸುಲಿಯುವುದಕ್ಕೆ ನಾನೂ ಕೂತೆ. ತಮ್ಮನ ಮಗ ಬಂದ, ಮಾತು ಮಳೆಯ ಕಡೆ ಹೋಯಿತು. ಊಟವಾಯಿತು. ಹೊರಡುವಾಗ ಆಕೆ ಬೀದಿಯ ತನಕ ಬಂದಳು.

‘ಏನೋ ಹೇಳ್ತೀನಿ ಅಂದ್ಯಲ್ಲ ತಮ್ಮಾ. ಈಗ ಹೇಳ್ತೀನಿ ಅಂದೆ.’

‘ಏನಿಲ್ಲಕ್ಕ, ಮುಂದಿನ ಸಲ ಬಂದಾಗ ಹೇಳ್ತೀನಿ.’

‘ಮರೀಬ್ಯಾಡ ಮತ್ತೆ’ ಎಂದಳು. ‘ಹೋಗ್ಬಾ.’

ಮುಂದಿನ ಸಲ ಹೋದಾಗ ಆಕೆಯ ತಿಥಿಯ ಊಟ. ಎಲೆ ಹಾಕಿ, ಆಕೆಯ ತಮ್ಮ ‘ಬರ್ರಿ, ಕುಂತ್ಕಳ್ರಿ’ ಎಂದು ಕರೆದ. ನಾನು ‘ಬಂದೆ’ ಎನ್ನಲು ಹೋದೆ. ಆಗಲಿಲ್ಲ. ಎದ್ದು ಹೋಗಿ ಎಲೆಯ ಮುಂದೆ ಕೂತೆ.